ವಿಮಾನಕ್ಕೆ ಸಂಶಯದ ಲಾಭ ಸಲ್ಲುವುದೆ?

(ಬಾನುಲಿ ಭಾಷಣದ ಲಿಖಿತ ರೂಪ)

ಪ್ರಯಾಣಿಕರ ವಿಮಾನವೊಂದು ಬಿದ್ದು ಜನ ಸತ್ತಾಗ ಎರಡು ಪ್ರಶ್ನೆಗಳು ಒಮ್ಮೆಗೇ ಏಳುತ್ತವೆ. ಈ ವಿಮಾನ ಏಕೆ ಬಿತ್ತು ಎಂಬುದು ಮೊದಲನೆಯದು. ಇದೇ ಮಾದರಿಯ ಉಳಿದ ವಿಮಾನಗಳು ಹಾರಬಹುದೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಉತ್ತರ ದೊರೆಯಲು ತಿಂಗಳುಗಳು ಬೇಕು, ಕೆಲವು ಸಲ ವರ್ಷಗಳೇ ಬೇಕು. ಎರಡನೆಯದಕ್ಕಾದರೋ ಮರುದಿನ ಬೆಳಗಿನ ಮೊದಲ ವಿಮಾನ ಹೊರಡುವುದರೊಳಗಾಗಿ ಉತ್ತರ ಹೇಳಬೇಕು. ಕಾರಣ ತಿಳಿಯುವ ಮುನ್ನವೇ ತೀರ್ಮಾನ ಮಾಡಬೇಕಾದ ಈ ಇಕ್ಕಟ್ಟನ್ನು ಕುರಿತು ಇಂದು ಒಂದೆರಡು ವಿಚಾರಗಳನ್ನು ನಿಮ್ಮ ಮುಂದಿಡಬೇಕೆಂದಿದ್ದೇನೆ.

ಯಾವುದೇ ಹೊಸ ಮಾದರಿಯ ವಿಮಾನ ಪ್ರಯಾಣಿಕರನ್ನು ಹೊತ್ತು ಹಾರಬೇಕಾದರೆ ಸರ್ಕಾರದ ಪ್ರಮಾಣಪತ್ರ ಬೇಕು. ಆ ಪತ್ರವನ್ನು ಅಮಾನತಿನಲ್ಲಿಟ್ಟರೆ, ಇಲ್ಲವೇ ಹಾರಾಟವನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರೆ, ಆ ಮಾದರಿಯ ವಿಮಾನಗಳೆಲ್ಲ ನಿಂತಲ್ಲಿಯೇ ನಿಲ್ಲುತ್ತವೆ. ಇದು ಸಣ್ಣ ಮಾತಲ್ಲ. ವಿಮಾನ ಸಂಸ್ಥೆಗೆ ನಷ್ಟ, ತಯಾರಕರಿಗೆ ಅಪಕೀರ್ತಿ, ಕಾರ್ಖಾನೆಯ ಕೆಲಸಗಾರರಿಗೆ ಆತಂಕ, ಟಿಕೆಟು ಕೊಂಡವರಿಗೆ ತೊಂದರೆ. ಆದುದರಿಂದಲೇ ಅಧಿಕಾರಿಗಳು ಹಿಂದೆಮುಂದೆ ನೋಡುತ್ತಾರೆ. ನ್ಯಾಯಾಲಯದಲ್ಲಿ ಆರೋಪಿಗೆ ಸಂಶಯದ ಲಾಭ ದೊರೆಯುವುದುಂಟು. ತಪ್ಪು ರುಜುವಾತಾಗುವವರೆಗೆ ಅವನು ನಿರಪರಾಧಿ. ವಿಮಾನದ ಮಾದರಿಗೂ ಇದೇ ನ್ಯಾಯ ಸಲ್ಲಬೇಕೆಂದು ವಾದಿಸುವವರಿದ್ದಾರೆ. ಈ ವಾದವನ್ನು ಇತಿಹಾಸದ ಕೆಲವು ನಿದರ್ಶನಗಳ ಮೇಲೆ ಒರೆಹಚ್ಚಿ ನೋಡೋಣ.

ಜೆಟ್ ಎಂಜಿನ್ನಿನ ಮೊದಲ ಪ್ರಯಾಣಿಕ ವಿಮಾನ ಇಂಗ್ಲೆಂಡಿನ ಡಿ ಹ್ಯಾವಿಲೆಂಡ್ ಕಂಪನಿಯ ಕಾಮೆಟ್. 1952ರ ಮೇ 2ರಂದು ಅದು ಲಂಡನ್ನಿನಿಂದ ಜೋಹಾನ್ಸ್‌ಬರ್ಗಿಗೆ ಪ್ರಯಾಣಿಕರನ್ನು ಕೊಂಡೊಯ್ಯತೊಡಗಿತು. ಸರಿಯಾಗಿ ಒಂದು ವರ್ಷದ ಮೇಲೆ, 1953ರ ಮೇ 2ರಂದು, ಕಲ್ಕತ್ತೆಯಿಂದ ಮೇಲೇರಿದ ಕಾಮೆಟ್ಟೊಂದು ಗುಡುಗು ಗಾಳಿಯಲ್ಲಿ ಒಡೆದು ಬಿದ್ದು 43 ಮಂದಿ ಮೃತರಾದರು. ಬಿರುಗಾಳಿಯೇ ಕಾರಣವೆನಿಸಿತು, ಉಳಿದ ಕಾಮೆಟ್ಟುಗಳ ಸಂಚಾರ ಮುಂದುವರಿಯಿತು. 1954ರ ಜನವರಿ 10ರಂದು ರೋಮಿನಿಂದ ಲಂಡನ್ನಿಗೆ ಹೊರಟ ಇನ್ನೊಂದು ಕಾಮೆಟ್ ಎಲ್ಬಾ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದು 35 ಮಂದಿ ಸತ್ತರು. ಆಗ ಬ್ರಿಟನ್ನಿನ ವಿಮಾನ ಸಂಸ್ಥೆ ತಾನಾಗಿಯೇ ಕಾಮೆಟ್ಟುಗಳನ್ನು ನಿಲ್ಲಿಸಿತು. ಬಿದ್ದ ವಿಮಾನದ ಬಹುಪಾಲು ಇನ್ನೂ ಕಡಲ ತಳದಲ್ಲಿತ್ತು. ತಜ್ಞರು ತಮಗೆ ಸಾಧ್ಯವೆಂದು ತೋರಿದ ಕಾರಣಗಳನ್ನೆಲ್ಲ ಪಟ್ಟಿಮಾಡಿ, ಒಂದೊಂದಕ್ಕೂ ಮಾರ್ಪಾಡು ಮಾಡಿ, ಮಾರ್ಚ್ 23ರಂದು ಮತ್ತೆ ಹಾರಲು ಬಿಟ್ಟರು. ಹದಿನಾರನೆಯ ದಿನ, ಏಪ್ರಿಲ್ 8ರಂದು, ರೋಮಿನಿಂದ ಕೈರೋಗೆ ಹೊರಟ ಕಾಮೆಟ್ ನೇಪಲ್ಸ್ ಬಳಿಯ ಸಮುದ್ರಕ್ಕೆ ಬಿದ್ದಿತು. ಅದರಲ್ಲಿದ್ದ 21 ಮಂದಿಯೂ ಮೃತರಾದರು.

ಆ ಮೇಲೆ ನಿಜವಾದ ಶೋಧ ನಡೆಯಿತು. ಫಾರ್ನ್‌ಬರೋದಲ್ಲಿ ಆರ್ನಾಲ್ಡ್ ಹಾಲ್ ಅವರ ನೇತೃತ್ವದಲ್ಲಿ ವಿಜ್ಞಾನಿಗಳು ಕಾಮೆಟ್ಟೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಮೇಲೇರುವಾಗ ಇಳಿಯುವಾಗ ಆಗುವಂತೆ ಒಳಗಿನ ಒತ್ತಡವನ್ನು ಹೆಚ್ಚಿಸುತ್ತ ತಗ್ಗಿಸುತ್ತ ಹೋದರು. ಆ ವಿಮಾನ ಹಿಂದೆ ಮಾಡಿದ್ದ ಹಾರಾಟಗಳೂ ಸೇರಿ ಲೆಕ್ಕ 3,057ಕ್ಕೆ ಬಂದಾಗ ಒಡಲು ಸೀಳಿತು. ತಂತಿಯೊಂದನ್ನು ಅತ್ತಿತ್ತ ಬಗ್ಗಿಸುತ್ತಲೇ ಇದ್ದರೆ ಕೊನೆಗೊಮ್ಮೆ ಪಟ್ಟನೆ ಮುರಿಯುವುದಿಲ್ಲವೆ? ಹಾಗೆಯೇ ಕಿಟಕಿ ಮುಂತಾದ ತೆರವುಗಳ ಮೂಲೆಯಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ಮೊದಲು ಮಾಡಿದ ಮಾರ್ಪಾಡುಗಳಲ್ಲಿ ಈ ರೋಗಕ್ಕೆ ಮದ್ದೇ ಇರಲಿಲ್ಲ. ಕಾಮೆಟ್ಟನ್ನು ನಿಲ್ಲಿಸಿದ್ದು ಸರಿಯಾಗಿತ್ತು. ಕಾರಣ ತಿಳಿಯದೆ, ಊಹೆಯ ಬಲದ ಮೇಲೆ ಬಿಡುಗಡೆ ಮಾಡಿದ್ದು ಪ್ರಮಾದವಾಯಿತು.

ಎರಡನೆಯ ನಿದರ್ಶನ ಅಮೆರಿಕದ ಡಿಸಿ-10 ವಿಮಾನದ್ದು. 1972ರ ಜೂನ್ 12ರಂದು ಕೆನಡಾದ ವಿಂಡ್ಸರ್ ನಗರದ ಮೇಲೆ ಹಾರುತ್ತಿದ್ದಾಗ ಅದರ ಸರಕು ಕೋಣೆಯ ಬಾಗಿಲು ಕಿತ್ತುಹೋಯಿತು. ಒಳಗಿನ ಗಾಳಿ ಒಮ್ಮೆಗೇ ಹೊರನುಗ್ಗಿ ಪ್ರಯಾಣಿಕರ ಕೋಣೆಯ ನೆಲ ಕುಸಿಯಿತು. ನೆಲದಡಿ ಹಾದುಹೋಗಿದ್ದ ನಿಯಂತ್ರಣದ ತಂತಿಗಳಿಗೆ ಪೆಟ್ಟಾಯಿತು. ಚಾಲಕರ ಜಾಣ್ಮೆಯಿಂದ ಎಲ್ಲರೂ ಬದುಕಿದರು. ಯಾರೂ ಸಾಯಲಿಲ್ಲವಾಗಿ ಸರ್ಕಾರ ಕಡ್ಡಾಯದ ಆಜ್ಞೆ ಹೊರಡಿಸಲಿಲ್ಲ. ಬಾಗಿಲನ್ನು ಸರಿಪಡಿಸುವುದಾಗಿ ತಯಾರಕರು ಕೊಟ್ಟ ಮಾತಿಗೆ ಒಪ್ಪಿಕೊಂಡಿತು. 1974ರ ಮಾರ್ಚ್ 3ರಂದು ಪ್ಯಾರಿಸ್ಸಿನ ಬಳಿ ತುರ್ಕಿ ದೇಶದ ಡಿಸಿ-10ರ ಬಾಗಿಲು ಅದೇ ರೀತಿ ಕಿತ್ತುಹೋಯಿತು. ಈ ಸಲ 346 ಮಂದಿ ಸತ್ತರು. ಆ ವಿಮಾನದ ಬಾಗಿಲಿನ ದುರಸ್ತಿ ಮುಗಿದಿದೆ ಎಂದು ಕಾಗದಪತ್ರಗಳಲ್ಲಿ ಮುದ್ರೆ ಬಿದ್ದಿತ್ತು. ಬಾಗಿಲಿನಲ್ಲಿ ದುರಸ್ತಿ ಪೂರ್ತಿಯಾಗಿರಲಿಲ್ಲ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜವಾಯಿತು.

ಅದೇ ಡಿಸಿ-10 ಐದು ವರ್ಷಗಳ ಮೇಲೆ ಮತ್ತೊಂದು ಪಾಠ ಕಲಿಸಿತು. 1979ರ ಮೇ 25ರಂದು ಷಿಕಾಗೋದಲ್ಲಿ ಮೇಲೇರುತ್ತಿದ್ದ ವಿಮಾನದ ಎಡ ಎಂಜಿನ್ ಕಳಚಿಬಿದ್ದು, ನೆಲದ ಮೇಲಿದ್ದ ಇಬ್ಬರೂ ಸೇರಿ 273 ಮಂದಿ ಮೃತರಾದರು. ತಪಾಸಣೆಯಲ್ಲಿ ಬೇರೆ ಕೆಲವು ವಿಮಾನಗಳಲ್ಲಿಯೂ ಎಂಜಿನ್ನನ್ನು ರೆಕ್ಕೆಗೆ ಹಿಡಿದಿಡುವ ಭಾಗದಲ್ಲಿ ಬಿರುಕುಗಳು ಕಂಡುವು. ಜೂನ್ 6ರಂದು ಇಡೀ ಮಾದರಿಯ ಪ್ರಮಾಣಪತ್ರವನ್ನು ಅಮಾನತಿನಲ್ಲಿಟ್ಟು, ಜುಲೈ 13ರಂದು ಹಿಂದಕ್ಕೆ ಕೊಟ್ಟರು. ಬಿರುಕಿಗೆ ಮುಖ್ಯ ಕಾರಣ, ಸಮಯ ಉಳಿಸಲೆಂದು ಎಂಜಿನ್ನನ್ನೂ ಅದರ ಆಧಾರವನ್ನೂ ಒಟ್ಟಾಗಿ ಎತ್ತುವ ಯಂತ್ರದಿಂದ ಬಿಚ್ಚಿ ಜೋಡಿಸುತ್ತಿದ್ದ ದುರಸ್ತಿಯ ಕ್ರಮ ಎಂದು ತಿಳಿದುಬಂದಿತು. ಕಾರಣ ಸ್ಪಷ್ಟವಾಯಿತು, ಆ ಕ್ರಮ ನಿಂತಿತು, ವಿಮಾನಗಳು ಹಾರಿದುವು. ನಿಷೇಧವು ಇಲ್ಲಿ ಶಿಕ್ಷೆಯಾಗಿರಲಿಲ್ಲ. ಶೋಧನೆಗೆ ದೊರೆತ ಬಿಡುವಾಗಿತ್ತು.

ಮೂರನೆಯ ನಿದರ್ಶನ ನಮ್ಮ ಬೆಂಗಳೂರಿನದೇ. 1990ರ ಫೆಬ್ರವರಿ 14ರ ಮಧ್ಯಾಹ್ನ ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸಿನ ಏರ್‌ಬಸ್ ಎ-320 ವಿಮಾನ ಆಗಿನ ಎಚ್.ಎ.ಎಲ್. ನಿಲ್ದಾಣದ ಓಡುದಾರಿಯನ್ನು ತಲುಪಲಾರದೆ, ಅದಕ್ಕೂ ಮುಂಚೆಯೇ ಇದ್ದ ಗಾಲ್ಫ್ ಮೈದಾನದಲ್ಲಿ ನೆಲಕ್ಕೆ ಅಪ್ಪಳಿಸಿ ಹೊತ್ತಿ ಉರಿಯಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮೃತರಾದರು. ಹವೆ ತಿಳಿಯಾಗಿತ್ತು, ವಿಮಾನ ಹೊಚ್ಚಹೊಸದು, ಗಣಕಯಂತ್ರಗಳ ಮೂಲಕ ನಡೆಯುವ ಅದರ ರೀತಿಯೂ ಹೊಸದು. ಸರ್ಕಾರ ದೇಶದ ಎ-320 ವಿಮಾನಗಳನ್ನೆಲ್ಲ ನಿಲ್ಲಿಸಿತು. ತಿಂಗಳುಗಟ್ಟಲೆ ಅವು ನಿಂತೇ ಇದ್ದುವು. ಬೇರೆ ದೇಶಗಳಲ್ಲಿ ಅದೇ ಮಾದರಿ ಹಾರುತ್ತಲೇ ಇತ್ತು. ಕರ್ನಾಟಕದ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ಟರು ನಡೆಸಿದ ವಿಚಾರಣೆಯಲ್ಲಿ ಹೊರಬಂದ ಸಂಗತಿ ಇದು: ಎಂಜಿನ್ನುಗಳು ಕನಿಷ್ಠ ಶಕ್ತಿಯಲ್ಲಿದ್ದು ವೇಗವೂ ಎತ್ತರವೂ ಕುಸಿಯುತ್ತಿದ್ದುದನ್ನು ಚಾಲಕರು ಸಕಾಲದಲ್ಲಿ ಗಮನಿಸಿ ಶಕ್ತಿಯನ್ನು ಹೆಚ್ಚಿಸಲಿಲ್ಲ.

ಹಾಗಾದರೆ ಅಂದಿನ ನಿಷೇಧ ತಪ್ಪೆನ್ನೋಣವೆ? ತೀರ್ಮಾನವನ್ನು ಅದು ಕೈಗೊಂಡ ದಿನ ತಿಳಿದಿದ್ದ ಸಂಗತಿಗಳಿಂದ ಅಳೆಯಬೇಕೇ ಹೊರತು, ಮುಂದೆ ಬಂದ ವರದಿಯಿಂದಲ್ಲ. ಆ ದಿನ ಯಂತ್ರ ನಿರ್ದೋಷಿ ಎನ್ನಲು ಯಾರಲ್ಲಿಯೂ ಆಧಾರವಿರಲಿಲ್ಲ. ಆದರೆ ವಿಮಾನದ ಮಾಹಿತಿ ಪೆಟ್ಟಿಗೆಯನ್ನು ಓದಿ, ಯಂತ್ರದಲ್ಲಿ ದೋಷ ಕಾಣಲಿಲ್ಲವೆಂದಾದ ಮೇಲೆ ನಿಷೇಧವನ್ನು ಎಳೆಯುತ್ತ ಹೋಗುವುದರಿಂದ ಪ್ರಯಾಣಿಕರ ಸುರಕ್ಷತೆ ಹೆಚ್ಚಲಾರದು. ಚಾಲಕನ ತರಬೇತಿಯಲ್ಲಿ ಕೊರತೆಯಿದ್ದರೆ ವಿಮಾನವನ್ನು ಕಟ್ಟಿಹಾಕಿ ಫಲವೇನು? ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು ಎಂದು ಹಿರಿಯರು ಹೇಳಿದ್ದು ಇಂಥ ಸಂದರ್ಭಕ್ಕೂ ಸಲ್ಲುತ್ತದೆ.

ಆದರೆ ಚಾಲಕನ ತಪ್ಪು ಎಂಬ ಮಾತನ್ನೂ ಹಾಗೆಯೇ ಪರಾಂಬರಿಸಬೇಕು. 1992ರ ಜನವರಿ 20ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಬಳಿ ಇನ್ನೊಂದು ಎ-320 ಗುಡ್ಡಕ್ಕೆ ಬಡಿದು 87 ಮಂದಿ ಸತ್ತರು. ಇಳಿಯುವ ಕೋನವನ್ನೂ ಇಳಿಯುವ ವೇಗವನ್ನೂ ಒಂದೇ ಗುಂಡಿಯಿಂದ, ಹೆಚ್ಚುಕಡಿಮೆ ಒಂದೇ ಬಗೆಯ ಅಂಕಿಗಳಲ್ಲಿ ನಮೂದಿಸಬೇಕಾಗಿತ್ತು. ಚಾಲಕರು ಒಂದೆಂದು ತಿಳಿದು ಇನ್ನೊಂದನ್ನು ನಮೂದಿಸಿರಬೇಕೆಂಬುದು ತನಿಖೆಯಲ್ಲಿ ಪ್ರಬಲವಾಗಿ ಕಂಡ ಸಾಧ್ಯತೆ. ಅಂಕಿ ತೋರಿಸುವ ರೀತಿಯನ್ನು ಬಳಿಕ ಬದಲಾಯಿಸಿದರು. ಒಬ್ಬ ಚಾಲಕ ಎಡವಿದರೆ ಅದು ಅವನ ತಪ್ಪಾದೀತು. ಎಚ್ಚರವಂತರೂ ಎಡವುವಂತಿದ್ದರೆ ತಪ್ಪು ದಾರಿಯದು.

ನಾಲ್ಕನೆಯ ನಿದರ್ಶನ ಎಲ್ಲಕ್ಕಿಂತ ಕಹಿಯಾದದ್ದು. 2018ರ ಅಕ್ಟೋಬರ್ 29ರಂದು ಜಕಾರ್ತಾದಿಂದ ಹೊರಟ ಬೋಯಿಂಗ್ 737 ಮ್ಯಾಕ್ಸ್ ವಿಮಾನ ಜಾವಾ ಸಮುದ್ರಕ್ಕೆ ಬಿದ್ದು 189 ಮಂದಿ ಸತ್ತರು. ವಿಮಾನದ ಮೂಗು ಅತಿಯಾಗಿ ಮೇಲೇಳದಂತೆ ತಾನಾಗಿ ಕೆಳಕ್ಕೊತ್ತುವ ವ್ಯವಸ್ಥೆಯೊಂದು ಅದರಲ್ಲಿತ್ತು. ಅದು ಒಂದೇ ಒಂದು ಸಂವೇದಕದ ಮಾತನ್ನು ನಂಬಿ ಕೆಲಸ ಮಾಡುತ್ತಿತ್ತು. ಸಂವೇದಕ ಸುಳ್ಳು ಹೇಳಿದಾಗ ವ್ಯವಸ್ಥೆ ಮತ್ತೆ ಮತ್ತೆ ಮೂಗನ್ನು ಕೆಳಕ್ಕೊತ್ತಿತು. ಇಂಥದೊಂದು ವ್ಯವಸ್ಥೆ ಇದೆಯೆಂಬ ವಿವರಣೆ ಚಾಲಕರ ಕೈಪಿಡಿಯಲ್ಲಿ ಇರಲಿಲ್ಲ. ಅಪಘಾತದ ಬಳಿಕ ಅಮೆರಿಕದ ವಿಮಾನಯಾನ ಆಡಳಿತ ವಿಮಾನವನ್ನು ನಿಲ್ಲಿಸದೆ, ಹೀಗಾದರೆ ಹೀಗೆ ಮಾಡಿರಿ ಎಂದು ಚಾಲಕರಿಗೆ ಸೂಚನೆ ಕಳುಹಿಸಿತು. ಅದೇ ಆಡಳಿತದ ತಜ್ಞರು ಒಳಗೊಂದು ಅಂದಾಜು ಮಾಡಿದ್ದರು: ದೋಷವನ್ನು ತಿದ್ದದಿದ್ದರೆ ಈ ಮಾದರಿಯ ಆಯುಷ್ಯದಲ್ಲಿ ಸುಮಾರು 15 ಘೋರ ಅಪಘಾತಗಳು ಸಂಭವಿಸಬಹುದು. ಹೀಗಿದ್ದರೂ, ತಿದ್ದುಪಡಿ ಬರುವವರೆಗೆ ಸೂಚನೆಯೇ ಸಾಕೆಂದು ಭಾವಿಸಿದರು. 2019ರ ಮಾರ್ಚ್ 10ರಂದು ಅಡಿಸ್ ಅಬಾಬಾದಿಂದ ನೈರೋಬಿಗೆ ಹೊರಟ ಮ್ಯಾಕ್ಸ್ ವಿಮಾನದಲ್ಲಿ ಅದೇ ವ್ಯವಸ್ಥೆ ಕೆರಳಿತು. ಚಾಲಕರು ಸೂಚನೆಯ ಮೊದಲ ಹೆಜ್ಜೆಗಳನ್ನು ಅನುಸರಿಸಿದರೂ ವಿಮಾನ ಉಳಿಯಲಿಲ್ಲ. 157 ಮಂದಿ ಮೃತರಾದರು.

ಮರುದಿನವೇ ಚೀನಾ ಈ ಮಾದರಿಯನ್ನು ನಿಲ್ಲಿಸಿತು. ಯೂರೋಪೂ ಭಾರತವೂ ಹಿಂಬಾಲಿಸಿದುವು. ನಿಲ್ಲಿಸಲು ಆಧಾರವಿಲ್ಲವೆಂದು ಮಾರ್ಚ್ 12ರಂದು ಹೇಳಿದ್ದ ಅಮೆರಿಕ 13ರಂದು ತಾನೂ ನಿಲ್ಲಿಸಿತು. ಅಲ್ಲಿ ನಿಷೇಧ ತೆರವಾದದ್ದು 2020ರ ನವೆಂಬರಿನಲ್ಲಿ. ಭಾರತದಲ್ಲಿ 2021ರ ಆಗಸ್ಟಿನಲ್ಲಿ. ಇಪ್ಪತ್ತು ತಿಂಗಳು ನಿಲ್ಲಿಸಲು ಸಾಧ್ಯವಾದ ವಿಮಾನವನ್ನು ಮೊದಲ ಅಪಘಾತದ ಮೇಲೆ ನಾಲ್ಕು ತಿಂಗಳು ನಿಲ್ಲಿಸುವುದು ಅಸಾಧ್ಯವಾಗಿತ್ತೆ?

ಈ ನಿದರ್ಶನಗಳಿಂದ ಮೂರು ಪ್ರಶ್ನೆಗಳನ್ನು ಹೆಕ್ಕಿಕೊಳ್ಳಬಹುದು. ಕಾರಣ ತಿಳಿದಿದೆಯೆ? ಅದು ಅದೇ ಮಾದರಿಯ ಉಳಿದ ವಿಮಾನಗಳಲ್ಲಿಯೂ ಮರುಕಳಿಸಬಲ್ಲುದೆ? ಮರುಕಳಿಸಿದರೆ, ಸಾಧಾರಣ ತರಬೇತಿ ಪಡೆದ ಚಾಲಕ, ಗಾಬರಿಯ ಗಳಿಗೆಯಲ್ಲಿ, ಅದನ್ನು ತಪ್ಪಿಸಬಲ್ಲನೆ? ಕಾರಣ ತಿಳಿಯದಿದ್ದು ಯಂತ್ರದ ಮೇಲೆ ಸಕಾರಣವಾದ ಶಂಕೆ ಇದ್ದರೆ ನಿಲ್ಲಿಸಬೇಕು. ಕಾರಣ ತಿಳಿದಿದ್ದು ಮೂರನೆಯ ಪ್ರಶ್ನೆಗೆ ಧೈರ್ಯದ ಉತ್ತರವಿಲ್ಲದಿದ್ದರಂತೂ ನಿಲ್ಲಿಸಲೇಬೇಕು. ಮ್ಯಾಕ್ಸ್ ವಿಷಯದಲ್ಲಿ ಮೊದಲ ಅಪಘಾತದ ಕೆಲವೇ ದಿನಗಳಲ್ಲಿ ಕಾರಣದ ಎಳೆ ಸಿಕ್ಕಿತ್ತು. ಮೂರನೆಯ ಪ್ರಶ್ನೆಗೆ ಉತ್ತರವನ್ನು ಊಹಿಸಿಕೊಂಡರು.

ವಿವೇಕದಿಂದ ನಡೆದ ಉದಾಹರಣೆಗಳೂ ಇವೆ. 2013ರ ಜನವರಿಯಲ್ಲಿ ಬೋಯಿಂಗ್ 787 ವಿಮಾನಗಳ ಬ್ಯಾಟರಿಗಳು ಸುಟ್ಟಾಗ, ಯಾರೂ ಸಾಯದಿದ್ದರೂ, ಜಗತ್ತಿನ 787ಗಳನ್ನೆಲ್ಲ ನಿಲ್ಲಿಸಿದರು. ಏಪ್ರಿಲಿನಲ್ಲಿ ಬಿಟ್ಟಾಗ ಮೂಲ ಕಾರಣ ಖಚಿತವಾಗಿರಲಿಲ್ಲ. ಆದರೆ ಬ್ಯಾಟರಿ ಮತ್ತೆ ಸುಟ್ಟರೂ ವಿಮಾನಕ್ಕೆ ಅಪಾಯ ತಟ್ಟದಂತೆ ಅದನ್ನು ಉಕ್ಕಿನ ಪೆಟ್ಟಿಗೆಯಲ್ಲಿ ಬಂಧಿಸಿದ್ದರು. ಕಾಮೆಟ್ಟಿನ ಊಹೆಗೂ ಇದಕ್ಕೂ ಇರುವ ಅಂತರ ದೊಡ್ಡದು. 2024ರ ಜನವರಿ 5ರಂದು ಮ್ಯಾಕ್ಸ್-9 ವಿಮಾನವೊಂದರ ಗೋಡೆಯ ಮುಚ್ಚಳ ಕಿತ್ತುಹೋದಾಗ, ಅಂಥ ಮುಚ್ಚಳವಿದ್ದ 171 ವಿಮಾನಗಳನ್ನಷ್ಟೇ ಮರುದಿನ ನಿಲ್ಲಿಸಿ, ಬಿಡುಗಡೆಗೆ ಬೇಕಾದ ತಪಾಸಣೆ ಯಾವುದೆಂದು ಆ ತಿಂಗಳಲ್ಲೇ ನಿಗದಿಮಾಡಿದರು. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ 787 ಬಿದ್ದು, ನೆಲದ ಮೇಲಿದ್ದವರೂ ಸೇರಿ 260 ಮಂದಿ ಸತ್ತಾಗ, ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾದರಿಯನ್ನು ನಿಲ್ಲಿಸದೆ, ಏರ್ ಇಂಡಿಯಾದ 787ಗಳಿಗೆ ಹೆಚ್ಚಿನ ತಪಾಸಣೆ ವಿಧಿಸಿತು. ಎಂಜಿನ್ನುಗಳಿಗೆ ಇಂಧನ ಬಿಡುವ ಎರಡು ಸ್ವಿಚ್ಚುಗಳೂ ಒಂದು ಸೆಕೆಂಡಿನ ಅಂತರದಲ್ಲಿ ಬಂದ್ ಸ್ಥಿತಿಗೆ ಹೋಗಿದ್ದುವೆಂದು ಜುಲೈನ ಪ್ರಾಥಮಿಕ ವರದಿ ತಿಳಿಸಿತು. ಅದು ಹೇಗಾಯಿತೆಂದು ಆ ವರದಿ ತೀರ್ಮಾನಿಸಲಿಲ್ಲ. ಹನ್ನೆರಡು ವರ್ಷಕ್ಕೂ ಮಿಗಿಲಾಗಿ ಹಾರಿದ್ದ ಮಾದರಿಗೆ ಅದು ಮೊದಲ ಪ್ರಾಣಾಂತಿಕ ಪತನ. ಮೂರು ಪ್ರಶ್ನೆಗಳನ್ನು ಕೇಳಿಯೂ ನಿಲ್ಲಿಸದಿರುವ ನಿರ್ಣಯಕ್ಕೆ ಬರುವುದು ಸಾಧ್ಯ. ಕೇಳದೆ ಬರುವುದು ಮಾತ್ರ ಸಲ್ಲದು.

ಕೊನೆಯದಾಗಿ, ಪ್ರಶ್ನೆ ಕೇಳುವವರು ಯಾರು ಎಂಬುದೂ ಮುಖ್ಯ. ಮ್ಯಾಕ್ಸ್ ವಿಮಾನದ ಪ್ರಮಾಣೀಕರಣದಲ್ಲಿ ಸರ್ಕಾರ ತಾನು ಮಾಡಬೇಕಾದ ಪರಿಶೀಲನೆಗಳಲ್ಲಿ ಹಲವನ್ನು ತಯಾರಕರ ನೌಕರರಿಗೇ ವಹಿಸಿತ್ತು. ನಿಲ್ಲಿಸಿದರೆ ನಷ್ಟ ಅನುಭವಿಸುವವರ ಕೈಯಲ್ಲಿ ನಿಲ್ಲಿಸುವ ನಿರ್ಣಯ ಇರಬಾರದು. ಆರೋಪಿಗೆ ಸಂಶಯದ ಲಾಭ ಕೊಡುವುದು ಅವನು ಮನುಷ್ಯನೆಂಬ ಕಾರಣಕ್ಕೆ; ವಿಮಾನದ ಪ್ರಕರಣದಲ್ಲಿ ಮನುಷ್ಯರಿರುವುದು ಅದರ ಒಳಗೆ. ಲಾಭ ಅವರಿಗೆ ಸಲ್ಲಬೇಕು. ಟಿಕೆಟು ಕೊಂಡು ಕುಳಿತವನು ರೆಕ್ಕೆಯ ಬಿರುಕನ್ನು ಕಾಣಲಾರ, ಸಂವೇದಕವನ್ನು ಪರೀಕ್ಷಿಸಲಾರ. ಸರ್ಕಾರದ ಮುದ್ರೆಯನ್ನು ನಂಬಿ ಪಟ್ಟಿ ಬಿಗಿದುಕೊಳ್ಳುತ್ತಾನೆ. 2019ರ ಮಾರ್ಚ್ 10ರ ಬೆಳಿಗ್ಗೆ ಅಡಿಸ್ ಅಬಾಬಾದಲ್ಲಿ ಹಾಗೆ ಪಟ್ಟಿ ಬಿಗಿದುಕೊಂಡವರಿಗೆ, ಹದಿನೈದು ಅಪಘಾತಗಳ ಅಂದಾಜೊಂದು ಸರ್ಕಾರಿ ಕಡತದಲ್ಲಿದೆಯೆಂಬ ಸಂಗತಿಯನ್ನು ಯಾರೂ ತಿಳಿಸಿರಲಿಲ್ಲ.