ಮುಂದಿನ ಆಕ್ಸಲ್ ಚಾಲಕನ ಅಂಕೆಗೆ: ಫೋರ್ ವೀಲ್ ಡ್ರೈವ್ ವಾಹನದಲ್ಲೊಂದು ವ್ಯಾಕ್ಯೂಮ್ ಸ್ವಿಚ್

ಹೊಸೂರು ರಸ್ತೆಯ ಬೊಮ್ಮನಹಳ್ಳಿಯಂಥ ಕಡೆ ನೆಲೆಯಾದ ಫೋರ್ ವೀಲ್ ಡ್ರೈವ್ ವಾಹನ, ಅಂದರೆ ಎಂಜಿನ್ನಿನ ಬಲವನ್ನು ನಾಲ್ಕೂ ಚಕ್ರಗಳಿಗೆ ಹಂಚಬಲ್ಲ ಜೀಪಿನ ಜಾತಿಯ ವಾಹನ, ತನ್ನ ಆಯುಷ್ಯದ ಬಹುಪಾಲನ್ನು ಒಣ ಡಾಂಬರು ಮತ್ತು ಕಾಂಕ್ರೀಟಿನ ಮೇಲೆಯೇ ಕಳೆಯುತ್ತದೆ. ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟಗಳ ಕೆಸರು ದಾರಿ ಅದಕ್ಕೆ ಎದುರಾಗುವುದು ಅಪರೂಪ. ಹೀಗಾಗಿ ಮುಂದಿನ ಚಕ್ರಗಳಿಗೆ ಬಲ ಕೊಡುವ ಏರ್ಪಾಡಿನಷ್ಟೇ, ಬೇಡವಾದಾಗ ಅದನ್ನು ಬಿಡಿಸಿಡುವ ಏರ್ಪಾಡೂ ಮುಖ್ಯವಾಗುತ್ತದೆ. ಕೆಲವು ವಾಹನಗಳಲ್ಲಿ ಈ ಬಿಡಿಸುವ ಕೆಲಸ ಗೇರಿನ ಪಕ್ಕದ ಲಿವರಿನೊಂದಿಗೆ ತಾನಾಗಿ ನಡೆಯುತ್ತದೆ. ಅದನ್ನು ಪ್ರತ್ಯೇಕಿಸಿ ಚಾಲಕನ ಕೈಗೆ ಒಂದು ಸ್ವಿಚ್ಚಿನ ರೂಪದಲ್ಲಿ ಕೊಡುವ ಮಾರ್ಪಾಡು ಚಿಕ್ಕದಾದರೂ, ಅದರ ಒಳಗುಟ್ಟು ತಿಳಿಯದೆ ಕೈಹಾಕುವಂಥದ್ದಲ್ಲ.

ಗೇರ್‌ಬಾಕ್ಸಿನಿಂದ ಬಂದ ಬಲವನ್ನು ಹಿಂದಿನ ಮತ್ತು ಮುಂದಿನ ಆಕ್ಸಲ್‌ಗಳಿಗೆ, ಅಂದರೆ ಚಕ್ರಗಳ ಅಚ್ಚುಗಳಿಗೆ, ಹಂಚುವ ಪೆಟ್ಟಿಗೆಯೇ ಟ್ರಾನ್ಸ್‌ಫರ್ ಕೇಸ್. ಅದರ ಲಿವರನ್ನು ‘ಟೂ ಹೈ’ಯಲ್ಲಿಟ್ಟರೆ ಹಿಂದಿನ ಚಕ್ರಗಳು ಮಾತ್ರ ಎಳೆಯುತ್ತವೆ, ‘ಫೋರ್ ಹೈ’ಯಲ್ಲಿ ನಾಲ್ಕೂ ಎಳೆಯುತ್ತವೆ, ‘ಫೋರ್ ಲೋ’ದಲ್ಲಿ ನಾಲ್ಕೂ ಚಕ್ರ ನಿಧಾನವಾಗಿ, ಆದರೆ ಹೆಚ್ಚು ಬಲದಿಂದ ಎಳೆಯುತ್ತವೆ. ವಾಹನ ತಿರುವಿನಲ್ಲಿ ಹೊರಳುವಾಗ ಮುಂದಿನ ಚಕ್ರಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಉರುಳಬೇಕಾಗುತ್ತದೆ. ಎರಡೂ ಆಕ್ಸಲ್‌ಗಳು ಬಿಗಿಯಾಗಿ ಕೂಡಿಕೊಂಡಿದ್ದಾಗ ಉಂಟಾಗುವ ಈ ಎಳೆದಾಟವನ್ನು ಕೆಸರಿನಲ್ಲಿ ಟೈರಿನ ಜಾರುವಿಕೆ ತೀರಿಸುತ್ತದೆ, ಆದರೆ ಒಣ ಕಾಂಕ್ರೀಟಿನ ಮೇಲೆ ಅದು ಶಾಫ್ಟು, ಗೇರುಗಳಲ್ಲಿ ತಿರುಚು ಬಲವಾಗಿ ಸೇರುತ್ತಾ ಹೋಗಿ ಸ್ಟಿಯರಿಂಗನ್ನು ಬಿಗಿಯಾಗಿಸುತ್ತದೆ, ಟೈರನ್ನು ಸವೆಸುತ್ತದೆ.

ಟೂ ಹೈಯಲ್ಲಿ ಓಡುವಾಗಲೂ ಉರುಳುವ ಮುಂದಿನ ಚಕ್ರಗಳು ತಮಗೆ ಜೋಡಿಸಿದ ಗೇರುಗಳನ್ನೂ, ಟ್ರಾನ್ಸ್‌ಫರ್ ಕೇಸಿನಿಂದ ಬರುವ ಪ್ರೊಪೆಲ್ಲರ್ ಶಾಫ್ಟನ್ನೂ ವೃಥಾ ತಿರುಗಿಸುತ್ತಿರುತ್ತವೆ. ಇದನ್ನು ತಪ್ಪಿಸಲು 1984ರ ಜೀಪ್ ಚೆರೋಕೀ ಮತ್ತು 1987ರ ಜೀಪ್ ರ‍್ಯಾಂಗ್ಲರ್‌ಗಳ ಮುಂದಿನ ಆಕ್ಸಲಿನಲ್ಲಿ ಬಲಗಡೆಯ ಶಾಫ್ಟನ್ನು ಎರಡು ತುಂಡಾಗಿ ಮಾಡಿ, ಆ ತುಂಡುಗಳನ್ನು ಹಲ್ಲುಗಳಿರುವ ಜಾರುವ ಕಾಲರಿನಿಂದ ಕೂಡಿಸುವ ಏರ್ಪಾಡನ್ನು ಅಳವಡಿಸಲಾಗಿತ್ತು. ಕಾಲರು ಸರಿದು ತುಂಡುಗಳು ಬೇರೆಯಾದಾಗ ಎಡಚಕ್ರದ ಶಾಫ್ಟು ತಿರುಗುತ್ತಲೇ ಇರುತ್ತದೆ, ಆದರೆ ಆ ಚಲನೆ ಎಡಬಲ ಚಕ್ರಗಳಿಗೆ ಬಲ ಹಂಚುವ ಡಿಫರೆನ್ಷಿಯಲ್ಲಿನ ಒಳಗಿನ ಚಿಕ್ಕ ಗೇರುಗಳ ಮೂಲಕ ಬಲಗಡೆಯ ಒಳತುಂಡನ್ನು ವಿರುದ್ಧ ದಿಕ್ಕಿಗೆ ತಿರುಗಿಸಿ ಅಲ್ಲೇ ಮುಗಿಯುತ್ತದೆ. ಹೀಗಾಗಿ ದೊಡ್ಡ ಕ್ರೌನ್ ಗೇರೂ ಪ್ರೊಪೆಲ್ಲರ್ ಶಾಫ್ಟೂ ನಿಂತೇ ಇರುತ್ತವೆ. ಕರ್ನಾಟಕದ ರಸ್ತೆಗಳಲ್ಲಿ ಇದೇ ಉದ್ದೇಶವನ್ನು ಚಕ್ರದ ತುದಿಯಲ್ಲಿ ಸಾಧಿಸುವ ಹಬ್ ಲಾಕ್‌ಗಳೇ ಹೆಚ್ಚು ಪರಿಚಿತ: ಹಳೆಯ ಜೀಪುಗಳಲ್ಲಿ ಕೆಳಗಿಳಿದು ಕೈಯಿಂದ ತಿರುಗಿಸುವಂಥವು, 2023ರಲ್ಲಿ ಭಾರತದ ಮಾರುಕಟ್ಟೆಗೆ ಬಂದ ಐದು ಬಾಗಿಲಿನ ಮಾರುತಿ ಸುಜುಕಿ ಜಿಮ್ನಿಯಲ್ಲಿ ವ್ಯಾಕ್ಯೂಮ್‌ನಿಂದ ತಾವಾಗಿ ಕೂಡಿಕೊಳ್ಳುವಂಥವು.

ಜೀಪಿನ ಆ ಕಾಲರನ್ನು ಸರಿಸುವುದೂ ವ್ಯಾಕ್ಯೂಮೇ. ವ್ಯಾಕ್ಯೂಮ್ ಎಂದರೆ ಇಲ್ಲಿ ಹೊರಗಿನ ಗಾಳಿಗಿಂತ ಕಡಿಮೆ ಒತ್ತಡ. ಪೆಟ್ರೋಲ್ ಎಂಜಿನ್ನು ಇದನ್ನು ತನ್ನ ಗಾಳಿ ಸೇವನೆಯ ಕೊಳವೆಯಲ್ಲೇ ಹುಟ್ಟಿಸುತ್ತದೆ. ಡೀಸೆಲ್ ಎಂಜಿನ್ನಿಗೆ ಇದಕ್ಕಾಗಿ ಬೇರೆ ಪಂಪು ಬೇಕಾಗುತ್ತದೆ, ಅದನ್ನು ಹಲವು ವಾಹನಗಳಲ್ಲಿ ಆಲ್ಟರ್ನೇಟರಿಗೇ ಜೋಡಿಸಿರುತ್ತಾರೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಗಾಳಿಯ ಒತ್ತಡವೇ ಕರಾವಳಿಗಿಂತ ಸುಮಾರು ಹತ್ತನೆಯ ಒಂದು ಪಾಲು ಕಡಿಮೆ ಇರುವುದರಿಂದ ದೊರೆಯುವ ಸೆಳೆತವೂ ಅಷ್ಟರಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಸೀಳಿದ ರಬ್ಬರ್ ಪೈಪು, ಸಡಿಲ ಜೋಡಣೆಗಳಿಗೆ ಇಲ್ಲಿ ಇನ್ನೂ ಕಡಿಮೆ ಆಸ್ಪದವಿದೆ.

ಆಕ್ಸಲಿನ ಮೇಲೆ ಕೂತಿರುವ ವ್ಯಾಕ್ಯೂಮ್ ಮೋಟರಿನೊಳಗೆ ಡಯಾಫ್ರಾಮ್ ಎಂಬ ರಬ್ಬರಿನ ಪರದೆಯೊಂದಿದ್ದು, ಅದರ ಒಂದು ಬದಿಗೆ ಸೆಳೆತ ಸಿಕ್ಕಾಗ ಕಾಲರು ಕೂಡಿಕೊಳ್ಳುತ್ತದೆ, ಮತ್ತೊಂದು ಬದಿಗೆ ಸಿಕ್ಕಾಗ ಬಿಡಿಸಿಕೊಳ್ಳುತ್ತದೆ. ಯಾವ ಬದಿ ಎಂಬುದನ್ನು ಟ್ರಾನ್ಸ್‌ಫರ್ ಕೇಸಿನ ಮೇಲಿನ ಸ್ವಿಚ್ಚು ನಿರ್ಧರಿಸುತ್ತದೆ. ಅದರ ಸೀಲು ಹಾಳಾದರೆ ಎಣ್ಣೆ ಪೈಪಿನೊಳಕ್ಕೆ ಏರುವುದೂ ಉಂಟು. ಮಾರ್ಪಾಡಿನಲ್ಲಿ ಡ್ಯಾಶ್‌ಬೋರ್ಡಿನ ಕೈಸ್ವಿಚ್ಚು ಈ ನಿರ್ಧಾರವನ್ನು ವಹಿಸಿಕೊಳ್ಳುತ್ತದೆ. ಆ ಸ್ವಿಚ್ಚಿಗೆ ನಾಲ್ಕು ದಾರಿಗಳಿರಬೇಕು: ಒಂದು ವ್ಯಾಕ್ಯೂಮ್ ಮೂಲಕ್ಕೆ, ಎರಡು ಡಯಾಫ್ರಾಮಿನ ಎರಡು ಬದಿಗಳಿಗೆ, ಇನ್ನೊಂದು ಸಣ್ಣ ಜಾಲರಿಯ ಮೂಲಕ ಹೊರಗಾಳಿಗೆ. ಸೆಳೆತ ಕಳೆದುಕೊಳ್ಳುವ ಬದಿಗೆ ಗಾಳಿ ಒಳನುಗ್ಗಲು ದಾರಿಯಿಲ್ಲದಿದ್ದರೆ ಡಯಾಫ್ರಾಮ್ ಅಲುಗದು. ಬರೀ ತೆರೆದು ಮುಚ್ಚುವ ನಲ್ಲಿ ಹಾಕಿದವರ ಪ್ರಯತ್ನ ಸೋಲುವುದು ಇಲ್ಲಿಯೇ.

ಇದರಿಂದ ದೊರೆಯುವ ದೊಡ್ಡ ಲಾಭ ‘ಟೂ ಲೋ’. ಲಿವರನ್ನು ಫೋರ್ ಲೋದಲ್ಲಿಟ್ಟು ಆಕ್ಸಲನ್ನು ಬಿಡಿಸಿದರೆ, ಹಿಂದಿನ ಚಕ್ರಗಳು ಮಾತ್ರ ನಿಧಾನಗತಿಯಲ್ಲಿ ಎಳೆಯುತ್ತವೆ. ಭಾರದ ಟ್ರೇಲರನ್ನು ಕಿರಿದಾದ ಗೇಟಿನೊಳಗೆ ಹಿಮ್ಮುಖವಾಗಿ ನುಗ್ಗಿಸುವಾಗ, ಗಟ್ಟಿ ನೆಲದ ಮೇಲೆ ಸ್ಟಿಯರಿಂಗನ್ನು ಪೂರ್ತಿ ತಿರುಗಿಸಿ ತೆವಳುವಾಗ, ಕ್ಲಚ್ಚನ್ನು ಸುಡದೆ ಕೆಲಸ ಮುಗಿಸಲು ಇದು ನೆರವಾಗುತ್ತದೆ.

ಅಪಾಯಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ರ‍್ಯಾಂಗ್ಲರ್‌ನ ಎನ್‌ಪಿ 231 ಟ್ರಾನ್ಸ್‌ಫರ್ ಕೇಸಿನ ಲೋ ಗೇರು ತಿರುಚು ಬಲವನ್ನು 2.72 ಪಟ್ಟು ಹೆಚ್ಚಿಸುತ್ತದೆ. ಎರಡು ಆಕ್ಸಲ್‌ಗಳು ಹಂಚಿಕೊಳ್ಳಬೇಕಾದ ಆ ಬಲವೆಲ್ಲ ಹಿಂದಿನದರ ಮೇಲೇ ಬಿದ್ದಾಗ, ಒರಟಾಗಿ ಆಕ್ಸಿಲರೇಟರ್ ಒತ್ತಿದರೆ ಶಾಫ್ಟು ತುಂಡಾಗಬಹುದು. ಲಿವರ್ ಫೋರ್ ಲೋದಲ್ಲಿರುವಾಗ ವಾಹನವನ್ನು ಪೂರ್ತಿ ನಿಲ್ಲಿಸದೆ ಆಕ್ಸಲನ್ನು ಕೂಡಿಸಿದರೆ, ತಿರುವಿನಲ್ಲಿ ಅಥವಾ ಚಕ್ರ ಜಾರುವಾಗ ಬೇರೆ ಬೇರೆ ವೇಗದಲ್ಲಿ ತಿರುಗುವ ತುಂಡುಗಳ ನಡುವೆ ಕಾಲರಿನ ಹಲ್ಲುಗಳು ಅರೆದುಹೋಗಬಹುದು. ಎಲ್ಲಕ್ಕಿಂತ ಗಂಭೀರವಾದುದು ಬ್ರೇಕು: ಬ್ರೇಕ್ ಬೂಸ್ಟರ್, ಅಂದರೆ ಪೆಡಲನ್ನು ಹಗುರಗೊಳಿಸುವ ಸಾಧನ, ಸಾಮಾನ್ಯವಾಗಿ ಇದೇ ವ್ಯಾಕ್ಯೂಮನ್ನು ನೆಚ್ಚಿರುತ್ತದೆ. ಅದರ ಪೈಪಿಗೆ ಎಂದೂ ಕೈಹಚ್ಚಬಾರದು. ಹೊಸ ಸ್ವಿಚ್ಚಿಗೆ ಪ್ರತ್ಯೇಕ ಮೂಲ, ಒಮ್ಮುಖ ವಾಲ್ವು, ಪುಟ್ಟ ಸಂಗ್ರಹ ಡಬ್ಬಿ ಇರಲೇಬೇಕು. ಕಂಪ್ಯೂಟರ್ ನಿಯಂತ್ರಣದ ಹೊಸ ವಾಹನಗಳಿಗೆ ಈ ಕೆಲಸ ಹೊಂದುವುದಿಲ್ಲ.

ನೋಂದಣಿ ಪತ್ರದ ವಿವರಗಳು ತಯಾರಕರು ನಮೂದಿಸಿದ್ದಕ್ಕಿಂತ ಭಿನ್ನವಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ನಿರ್ಬಂಧಿಸುತ್ತದೆ. ಆದ್ದರಿಂದ ಆರ್‌ಟಿಓ ಕಚೇರಿ ಮತ್ತು ವಿಮಾ ಕಂಪನಿಯನ್ನು ಮೊದಲೇ ವಿಚಾರಿಸಿ, ಮೂಲ ಪೈಪುಗಳನ್ನು ಕತ್ತರಿಸದೆ, ಬೇಕೆಂದಾಗ ಹಳೆಯ ಸ್ಥಿತಿಗೆ ಮರಳಿಸಬಹುದಾದಂತೆ ಜೋಡಿಸುವುದು ಕ್ಷೇಮ. ಸ್ವಯಂಚಾಲಿತ ವ್ಯವಸ್ಥೆ ಚಾಲಕನ ಪರವಾಗಿ ಪಾಲಿಸುತ್ತಿದ್ದ ಕ್ರಮವನ್ನು ಇನ್ನು ಮುಂದೆ ಚಾಲಕನೇ ಪಾಲಿಸಬೇಕಾಗುವುದರಿಂದ, ಆಕ್ಸಲ್ ಕೂಡಿದೆಯೋ ಬಿಟ್ಟಿದೆಯೋ ಎಂದು ತಿಳಿಸುವ ದೀಪವನ್ನು ಉಳಿಸಿಕೊಂಡು, ಆ ಕ್ರಮವನ್ನು ಸ್ವಿಚ್ಚಿನ ಪಕ್ಕದಲ್ಲೇ ಕನ್ನಡದಲ್ಲಿ ಬರೆದಂಟಿಸಿ, ಆ ವಾಹನದ ಬೀಗದಕೈ ಹಿಡಿಯುವ ಪ್ರತಿಯೊಬ್ಬರಿಗೂ ಅದನ್ನು ಕಲಿಸಿದಾಗಲೇ ಈ ಮಾರ್ಪಾಡು ಪೂರ್ಣವಾಯಿತೆಂದು ತಿಳಿಯಬೇಕು.