ಯಂತ್ರ ಹಲವು, ಆಟ ಒಂದು

ವಿಡಿಯೋ ಆಟಗಳನ್ನು ಕುರಿತು ಸಾಹಿತ್ಯಪ್ರಿಯರ ಮುಂದೆ ಮಾತನಾಡುವುದು ತುಸು ಸಂಕೋಚದ ಕೆಲಸ. ಮಕ್ಕಳ ಕೈಯಿಂದ ಪುಸ್ತಕವನ್ನು ಕಸಿದುಕೊಂಡ ಯಂತ್ರವೆಂದೇ ಅದಕ್ಕೆ ನಮ್ಮಲ್ಲಿ ಹೆಸರು. ಆ ವಾದ ಹಾಗಿರಲಿ. ಇಂದು ನಾನು ಹೇಳಹೊರಟಿರುವುದು ಆಟವನ್ನು ಕಟ್ಟುವವರ ಸಲಕರಣೆಗಳ ಸಂಗತಿ. ಅದರಲ್ಲಿಯೂ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಯಂತ್ರಗಳ ಮೇಲೆ ಒಂದೇ ಆಟವನ್ನು ನಡೆಸುವುದು ಹೇಗೆ ಎಂಬ ಪ್ರಶ್ನೆ. ಭಾಷಾಂತರದ ಕಷ್ಟಸುಖಗಳನ್ನು ಬಲ್ಲವರಿಗೆ ಈ ಕಥೆ ಅಪರಿಚಿತವೆನಿಸಲಾರದು.

2000ನೆಯ ಇಸವಿಯ ಮಾರ್ಚ್ 4ರಂದು ಜಪಾನಿನ ಸೋನಿ ಸಂಸ್ಥೆ ಪ್ಲೇಸ್ಟೇಷನ್ 2 ಎಂಬ ಆಟದ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮುಂದೆ 15 ಕೋಟಿಗೂ ಮಿಕ್ಕಿ ಮಾರಾಟವಾದ ಯಂತ್ರ ಅದು. ಆದರೆ ಅದಕ್ಕಾಗಿ ಮೊದಮೊದಲು ಆಟ ಬರೆಯಲು ಕುಳಿತವರಿಗೆ ಅದು ಕಬ್ಬಿಣದ ಕಡಲೆಯಾಗಿತ್ತು. ಯಾಕೆಂಬುದನ್ನು ಸ್ವಲ್ಪ ವಿವರವಾಗಿ ನೋಡೋಣ.

ಪರದೆಯ ಮೇಲೆ ಕಾಣುವ ಮನುಷ್ಯ, ಮರ, ಕಾರು ಎಲ್ಲವೂ ಯಂತ್ರದ ಪಾಲಿಗೆ ಸಣ್ಣ ಸಣ್ಣ ತ್ರಿಕೋನಗಳ ಕಂತೆ. ಪ್ರತಿಯೊಂದು ತ್ರಿಕೋನದ ಮೂಲೆಗಳೂ ಪರದೆಯಲ್ಲಿ ಎಲ್ಲಿ ಬೀಳಬೇಕೆಂದು ಸೆಕೆಂಡಿಗೆ 30 ಅಥವಾ 60 ಸಲ ಲೆಕ್ಕ ಹಾಕಬೇಕು. ಈ ಲೆಕ್ಕಕ್ಕಾಗಿ ಪ್ಲೇಸ್ಟೇಷನ್ 2ರ ಮುಖ್ಯ ಸಂಸ್ಕಾರಕದೊಳಗೆ ಎರಡು ವೆಕ್ಟರ್ ಘಟಕಗಳಿದ್ದವು. ಅವುಗಳಿಗೆ ಬೇರೆಯೇ ಭಾಷೆ. ಅದರ ಒಂದೊಂದು ಆಜ್ಞೆಗೂ ಎರಡು ಅರ್ಧಗಳು: ಒಂದು ಅರ್ಧ ಗುಣಾಕಾರ ಸಂಕಲನಗಳನ್ನು ಮಾಡಿದರೆ ಇನ್ನೊಂದು ಅರ್ಧ ಅದೇ ಗಳಿಗೆಯಲ್ಲಿ ಅಂಕಿಗಳನ್ನು ತರುವ, ಇಡುವ ಕೆಲಸ ಮಾಡಬೇಕು. ಗುಣಿಸಿದ ಉತ್ತರ ಕೈಗೆ ಬರುವುದು ನಾಲ್ಕು ಮಾತ್ರೆಗಳ ಅನಂತರ. ಅಲ್ಲಿಯ ತನಕ ಸುಮ್ಮನೆ ನಿಂತರೆ ಕಾಲ ವ್ಯರ್ಥ. ಪಂಕ್ತಿಯಲ್ಲಿ ಬಡಿಸುವವನು ಒಂದೇ ಎಲೆಯ ಮುಂದೆ ನಿಲ್ಲದೆ ಮುಂದಿನ ಎಲೆಗೆ ಸಾಗುವಂತೆ, ಒಂದು ಮೂಲೆಯ ಉತ್ತರ ಬರುವುದರೊಳಗೆ ಇನ್ನೊಂದು ಮೂಲೆಯ ಲೆಕ್ಕವನ್ನು ಆರಂಭಿಸಿರಬೇಕು. ಷಟ್ಪದಿಯಲ್ಲಿ ಮಾತ್ರೆ ಎಣಿಸಿ ಬರೆದವರಿಗೆ ಈ ಬಗೆಯ ಕಟ್ಟಿನ ರುಚಿ ಗೊತ್ತು. ತಪ್ಪಿದಾಗಿನ ಕಿರಿಕಿರಿಯೂ ಗೊತ್ತು.

ಇನ್ನು ಸ್ಥಳದ ಇಕ್ಕಟ್ಟು. ಮುಖ್ಯ ಸ್ಮೃತಿ 32 ಮೆಗಾಬೈಟು. ಚಿತ್ರ ಬರೆಯುವ ಭಾಗಕ್ಕೆ ಪ್ರತ್ಯೇಕವಾಗಿ 4 ಮೆಗಾಬೈಟು ಮಾತ್ರ. 640ಕ್ಕೆ 448 ಚುಕ್ಕೆಗಳ ಚಿತ್ರಪಟಗಳು ಎರಡು, ಯಾವುದು ಮುಂದೆ ಯಾವುದು ಹಿಂದೆ ಎಂದು ನೆನಪಿಡುವ ಪಟ ಒಂದು, ಈ ಮೂರನ್ನೂ ಪೂರ್ಣ ವರ್ಣದ ಅಳತೆಯಲ್ಲಿ ಇಟ್ಟರೆ ಉಳಿಯುವುದು ಮುಕ್ಕಾಲು ಮೆಗಾಬೈಟಿಗಿಂತಲೂ ಕಡಿಮೆ. ಗೋಡೆಯ ಇಟ್ಟಿಗೆ, ಮುಖದ ಬಣ್ಣ, ಆಕಾಶದ ಮೋಡ, ಇವೆಲ್ಲವುಗಳ ಚಿತ್ರಗಳನ್ನು ಆ ಕಿರುಕೋಣೆಗೆ ಪ್ರತಿ ದೃಶ್ಯಕ್ಕೂ ಹೊತ್ತು ತರಬೇಕು, ಹೊರಗೆ ಒಯ್ಯಬೇಕು.

ಸಲಕರಣೆಗಳ ಮಹತ್ವ ಸೋನಿಗೆ ತಿಳಿದಿರಲಿಲ್ಲವೆಂದಲ್ಲ. 1994ರಲ್ಲಿ ಹೊರಬಂದ ಅದರ ಮೊದಲನೆಯ ಪ್ಲೇಸ್ಟೇಷನ್ನಿಗೆ ಬ್ರಿಟನ್ನಿನ ಎಸ್‌ಎನ್ ಸಿಸ್ಟಮ್ಸ್ ಎಂಬ ಸಣ್ಣ ಸಂಸ್ಥೆ, ಸಾಮಾನ್ಯ ಕಂಪ್ಯೂಟರಿನೊಳಗೆ ಸಿಕ್ಕಿಸಬಹುದಾದ ಹಲಗೆಯನ್ನೂ ತಪ್ಪು ಹುಡುಕುವ ಸಾಧನಗಳನ್ನೂ ಒದಗಿಸಿತ್ತು. ದುಬಾರಿ ಯಂತ್ರಗಳಿಲ್ಲದವರೂ ಅದರಿಂದ ಆಟ ಬರೆಯುವಂತಾಯಿತು. ಎರಡನೆಯ ಯಂತ್ರಕ್ಕೂ ಸಂಕಲಕ ಮುಂತಾದ ಉಪಕರಣಗಳಿದ್ದವು. ಆದರೆ ಉಳಿ, ಸುತ್ತಿಗೆ, ಕಲ್ಲು ಕೊಟ್ಟ ಮಾತ್ರಕ್ಕೆ ಗುಡಿ ಏಳುವುದೆ? ಇದರ ಮೇಲೆ, 2001ರಲ್ಲಿ ನಿಂಟೆಂಡೋದ ಗೇಮ್‌ಕ್ಯೂಬ್, ಮೈಕ್ರೋಸಾಫ್ಟಿನ ಎಕ್ಸ್‌ಬಾಕ್ಸ್ ಎರಡೂ ಬಂದವು. ಮೂರು ಯಂತ್ರಗಳಿಗೆ ಮೂರು ಒಳಗಟ್ಟು.

ಈ ಹೊತ್ತಿನಲ್ಲಿ ಕೈಹಿಡಿದದ್ದು ರೆಂಡರ್‌ವೇರ್. ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನಲ್ಲಿದ್ದ ಕ್ರೈಟೀರಿಯನ್ ಸಾಫ್ಟ್‌ವೇರ್ ಎಂಬ ಸಂಸ್ಥೆಯ ಕೃತಿ ಅದು. ಕ್ಯಾಮರಾಗಳಿಗೆ ಹೆಸರಾದ ಕ್ಯಾನನ್ ಅದರ ಒಡೆಯ. ಇಂಥದನ್ನು ಗ್ರಾಫಿಕ್ಸ್ ಎಂಜಿನ್ ಎನ್ನುತ್ತಾರೆ. ನನಗಾದರೋ ಇದನ್ನು ನೋಡಿದಾಗ ನೆನಪಾಗುವುದು ನಮ್ಮ ಹಳೆಯ ನಾಟಕ ಕಂಪನಿಗಳು. ಊರೂರು ತಿರುಗುವ ಕಂಪನಿ ತನ್ನ ಪರದೆ, ಪಕ್ಕದ ರೆಕ್ಕೆ, ದೀಪಗಳನ್ನು ತಾನೇ ಹೊತ್ತೊಯ್ಯುತ್ತದೆ. ಈ ಊರಿನ ಮೈದಾನ ಇಳಿಜಾರು, ಆ ಊರಿನದು ಕಲ್ಲುನೆಲ. ಕಂಬ ನೆಡುವವರು ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳುತ್ತಾರೆ. ರಂಗಕ್ಕೆ ಬರುವ ನಟನಿಗೆ ಮಾತ್ರ ಎಲ್ಲ ಊರಿನಲ್ಲೂ ಅದೇ ಅಳತೆ, ಅದೇ ಪ್ರವೇಶದ್ವಾರ.

ರೆಂಡರ್‌ವೇರಿನಲ್ಲಿಯೂ ಹೀಗೆಯೇ. ಮೇಲಿನ ಪದರದಲ್ಲಿ ಆಟ ಬರೆಯುವವನು, ಕ್ಯಾಮರಾ ಇಲ್ಲಿರಲಿ, ಬೆಳಕು ಅಲ್ಲಿಂದ ಬೀಳಲಿ, ಈ ಆಕೃತಿಯನ್ನು ಬರೆ, ಎಂದಷ್ಟೇ ಹೇಳುತ್ತಾನೆ. ಕೆಳಗಿನ ಪದರ ಯಂತ್ರಯಂತ್ರಕ್ಕೂ ಬೇರೆ: ಪ್ಲೇಸ್ಟೇಷನ್ 2ರಲ್ಲಿ ವೆಕ್ಟರ್ ಘಟಕದ ಆ ಜಟಿಲ ಭಾಷೆಯಲ್ಲಿ, ಎಕ್ಸ್‌ಬಾಕ್ಸಿನಲ್ಲಿ ಅದರ ಚಿತ್ರಸಂಸ್ಕಾರಕದ ಭಾಷೆಯಲ್ಲಿ. ಬಣ್ಣದ ಚಿತ್ರಗಳನ್ನೂ ಆಯಾ ಯಂತ್ರ ನುಂಗಬಲ್ಲ ರೂಪಕ್ಕೆ ಮೊದಲೇ ತಿರುಗಿಸಿ ಕಡತಗಳಲ್ಲಿ ತುಂಬಿಡುತ್ತಿದ್ದರು. ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿದ್ದ ಡಿಎಂಎ ಡಿಸೈನ್ ತಂಡ 2001ರ ಅಕ್ಟೋಬರಿನಲ್ಲಿ ಹೊರತಂದ ಗ್ರ್ಯಾಂಡ್ ಥೆಫ್ಟ್ ಆಟೋ 3 ಈ ಎಂಜಿನ್ನಿನ ಮೇಲೆಯೇ ನಿಂತಿತು. ಅದರಲ್ಲಿನ ಹಿಂಸೆಯನ್ನು ಮೆಚ್ಚಬೇಕೆಂದು ನಾನು ಹೇಳುವುದಿಲ್ಲ. ಆದರೆ ಆಟಗಾರ ತನಗೆ ತೋಚಿದ ದಿಕ್ಕಿಗೆ ಅಲೆಯಬಹುದಾದ ಇಡಿಯ ನಗರವೊಂದು ಆ 32 ಮೆಗಾಬೈಟಿನಲ್ಲಿ ಉಸಿರಾಡಿತು. ಚಿತ್ರ ಬರೆಯುವ ಗೋಜು ತಪ್ಪಿದ್ದರಿಂದ ನಗರವನ್ನು ಕಟ್ಟಲು ಅವರಿಗೆ ಬಿಡುವು ದೊರೆಯಿತೆಂದು ನಾನು ಭಾವಿಸುತ್ತೇನೆ.

ದುಭಾಷಿಗೆ ತೆರುವ ಸುಂಕವೂ ಇದೆ. ಎಲ್ಲ ಯಂತ್ರಗಳಿಗೂ ಸಲ್ಲುವ ಮಾತನ್ನೇ ಆಡುತ್ತ ಹೋದರೆ ಯಾವ ಯಂತ್ರದ ವಿಶೇಷವೂ ಮಾತಿಗೆ ಬರುವುದಿಲ್ಲ. ಪ್ಲೇಸ್ಟೇಷನ್ 2 ಪಾರದರ್ಶಕ ಪದರಗಳನ್ನು ಒಂದರ ಮೇಲೊಂದು ಬಳಿಯುವುದರಲ್ಲಿ ನಿಸ್ಸೀಮ. ಕೊನಾಮಿಯವರು ತಾವೇ ಕಟ್ಟಿಕೊಂಡ ಎಂಜಿನ್ನಿನಲ್ಲಿ ರಚಿಸಿದ ಮೆಟಲ್ ಗೇರ್ ಸಾಲಿಡ್ 2ರ ಮೊದಲ ಭಾಗದ ಜಡಿಮಳೆ ಆ ಶಕ್ತಿಯ ಫಲ. ಅದೇ ಆಟವನ್ನು, ಹೆಚ್ಚು ಬಲಶಾಲಿಯೆನಿಸಿದ್ದ ಎಕ್ಸ್‌ಬಾಕ್ಸಿಗೆ ತಂದಾಗ ಆ ಮಳೆಯಲ್ಲಿಯೇ ಓಟ ಕುಂಟಿತು. ಮೂಲಭಾಷೆಯ ಜಾಯಮಾನ ಎಂದು ನಾವು ಹೇಳುವುದು ಇದನ್ನೇ ಅಲ್ಲವೆ?

ಇನ್ನೊಂದು ಅಪಾಯ ಕಲೆಗೆ ಸಂಬಂಧಿಸಿದ್ದಲ್ಲ, ಒಡೆತನಕ್ಕೆ ಸಂಬಂಧಿಸಿದ್ದು. 2004ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಎಂಬ ದೊಡ್ಡ ಆಟದ ಪ್ರಕಾಶನ ಸಂಸ್ಥೆ ಕ್ರೈಟೀರಿಯನ್ನನ್ನು ಕೊಂಡಿತು. ಎಂಜಿನ್ನಿನ ಮಾರಾಟ ನಿಲ್ಲದೆಂದು ಮೊದಲಿಗೆ ಹೇಳಲಾಯಿತು. ಆದರೂ ತಮ್ಮ ರಂಗಸಜ್ಜಿಕೆಯ ಬೀಗದಕೈ ಎದುರು ಕಂಪನಿಯ ಯಜಮಾನನ ಸೊಂಟದಲ್ಲಿದ್ದರೆ ಯಾವ ಕಂಪನಿಗೆ ನಿದ್ದೆ ಬಂದೀತು? ಡಿಎಂಎ ತಂಡದ ಒಡೆಯರಾದ ರಾಕ್‌ಸ್ಟಾರ್‌ನವರು ಸ್ವಂತ ಎಂಜಿನ್ ಕಟ್ಟಿಕೊಂಡು 2006ರಲ್ಲಿ ಟೇಬಲ್ ಟೆನ್ನಿಸಿನ ಆಟವೊಂದರಲ್ಲಿ ಅದನ್ನು ಮೊದಲು ಬಳಸಿದರು. ಉಳಿದವರಲ್ಲಿ ಹಲವರು ಅನ್‌ರಿಯಲ್ ಎಂಜಿನ್ನಿನ ಕಡೆಗೆ ನಡೆದರು. ರೆಂಡರ್‌ವೇರ್ ಪೇಟೆಯಿಂದ ಮರೆಯಾಯಿತು. ಅದರ ಮೇಲೆ ಕಟ್ಟಿದ ಆಟಗಳು ಮಾತ್ರ ಉಳಿದುವು. ಲಿಪಿಯನ್ನು ಓದುವವರಿಲ್ಲದ ತಾಳೆಗರಿಗಳ ಹಾಗೆ. ಹವ್ಯಾಸಿಗಳು ಅದನ್ನು ಹೊಸದಾಗಿ ಬರೆಯಲು ಹೊರಟರು. ಮೂಲ ಆಟದ ಒಳಗನ್ನು ಬಿಡಿಸಿ ನೋಡಿ ಅದರ ಸೂತ್ರಗಳನ್ನು ಪುನಃ ರಚಿಸಿ 2021ರ ಫೆಬ್ರವರಿಯಲ್ಲಿ ಪ್ರಕಟಿಸಿದ ತಂಡವೊಂದರ ಮೇಲೆ ಅದೇ ವರ್ಷ, ಆಟದ ಹಕ್ಕುದಾರರಾದ ಟೇಕ್-ಟೂ ಸಂಸ್ಥೆ ಅಮೆರಿಕದ ನ್ಯಾಯಾಲಯದಲ್ಲಿ ದಾವೆ ಹೂಡಿತು.

ಹಕ್ಕುದಾರರ ಅಧಿಕೃತ ಪುನರ್ಮುದ್ರಣ, ಹಾಗೆನ್ನಬಹುದಾದರೆ, ಬಂದದ್ದು 2021ರ ನವೆಂಬರಿನಲ್ಲಿ. ಹಳೆಯ ಮೂರು ಆಟಗಳನ್ನು ಅನ್‌ರಿಯಲ್ ಎಂಜಿನ್ನಿಗೆ ವರ್ಗಾಯಿಸಿದ್ದರು. ಮೂರನೆಯದಾದ ಸ್ಯಾನ್ ಆಂಡ್ರಿಯಾಸ್‌ನಲ್ಲಿ ಮೂರು ನಗರಗಳು, ನಡುವೆ ಕಾಡು, ಮರಳುಗಾಡು. 2004ರ ಮೂಲದಲ್ಲಿ ದೂರವೆಲ್ಲ ಮಂಜಿನಲ್ಲಿ ಕರಗಿಹೋಗುತ್ತಿತ್ತು. ಅಷ್ಟು ದೂರದ ತ್ರಿಕೋನಗಳನ್ನು ಬರೆಯಲು ಯಂತ್ರಕ್ಕೆ ತ್ರಾಣವಿಲ್ಲದ್ದರಿಂದ ಎಳೆದ ತೆರೆ ಅದು. ಹೊಸ ಯಂತ್ರಗಳಿಗೆ ಆ ಅಡ್ಡಿ ಇರಲಿಲ್ಲ, ಮಂಜು ಸರಿಯಿತು. ಬೆಟ್ಟದ ತುದಿಯಲ್ಲಿ ನಿಂತ ಆಟಗಾರನಿಗೆ ಒಂದು ನಗರದಿಂದ ಇನ್ನೊಂದು ನಗರ ಕಂಡಿತು. ಇಡೀ ಸೀಮೆ ಅಂಗೈಯಗಲದ ಆಟಿಕೆಯಾಯಿತು. ಮಳೆ ಸುರಿದರೆ ಬಿಳಿಯ ಗೀಟುಗಳು ಕಣ್ಣಿಗೆ ಕಟ್ಟುತ್ತಿದ್ದವು. ರಾಕ್‌ಸ್ಟಾರ್ ಬಹಿರಂಗವಾಗಿ ಕ್ಷಮೆ ಕೇಳಿತು. ಮೂರು ವರ್ಷಗಳ ಮೇಲೆ, 2024ರ ನವೆಂಬರಿನಲ್ಲಿ ಕೊಟ್ಟ ತಿದ್ದುಪಡಿಯಲ್ಲಿ ಹಳೆಯ ಆಕಾಶ, ಹಳೆಯ ಬೆಳಕುಗಳನ್ನು ಬೇಕೆಂದವರು ಆರಿಸಿಕೊಳ್ಳಬಹುದಾಯಿತು. ದೂರದ ಊರುಗಳ ಮೇಲೆ ಮಂಜು ಮತ್ತೆ ಇಳಿಯಿತು.