ಕುರುಬೂರಿನ ವಿದ್ಯಾರ್ಥಿಗಳು ಊರಿಗೆ ಬಂದಾಗ

ಚಿಂತಾಮಣಿ ತಾಲ್ಲೂಕಿನ ಕುರುಬೂರಿನಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ರೇಷ್ಮೆ ಕೃಷಿ ಮಹಾವಿದ್ಯಾಲಯವಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರನ್ನು ಬಿಟ್ಟರೆ ಹೊರಗಿನವರಿಗೆ ಈ ಕಾಲೇಜಿನ ಪರಿಚಯ ಕಡಿಮೆ. 1990ರ ದಶಕದಲ್ಲಿ ಶುರುವಾದ ಈ ಕಾಲೇಜಿಗೆ ಕುರುಬೂರಿಗಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ. ಪಕ್ಕದ ಶಿಡ್ಲಘಟ್ಟದಲ್ಲಿ ರಾಜ್ಯದ ದೊಡ್ಡ ರೇಷ್ಮೆಗೂಡು ಮಾರುಕಟ್ಟೆಗಳಲ್ಲೊಂದಿದೆ. ಸುತ್ತಲಿನ ಹಳ್ಳಿಗಳಲ್ಲಿ ಹಿಪ್ಪುನೇರಳೆ ತೋಟ, ಹುಳು ಸಾಕುವ ಮನೆ ಕಣ್ಣಿಗೆ ಬೀಳದ ದಾರಿಯೇ ಇಲ್ಲ.

ಈ ಕಾಲೇಜಿನ ಪಾಠಗಳಲ್ಲಿ ಬಹಳ ಮುಖ್ಯವಾದದ್ದು ಅದರ ಕಟ್ಟಡದ ಹೊರಗೆ ನಡೆಯುತ್ತದೆ. ನಾಲ್ಕು ವರ್ಷದ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ತಂಡ ಕಟ್ಟಿಕೊಂಡು ಹಳ್ಳಿಗೆ ಹೋಗಿ, ಸುಮಾರು ಮೂರು ತಿಂಗಳು ಅಲ್ಲೇ ನೆಲೆಸುತ್ತಾರೆ. ಗ್ರಾಮೀಣ ಕೃಷಿ ಕಾರ್ಯಾನುಭವ ಎಂದು ಇದರ ಹೆಸರು. ದೇಶದ ಎಲ್ಲ ಕೃಷಿ ವಿಶ್ವವಿದ್ಯಾಲಯಗಳಲ್ಲೂ ಇದು ನಡೆಯುತ್ತದೆ. 2015ರಲ್ಲಿ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಇದನ್ನು ‘ಸ್ಟೂಡೆಂಟ್ ರೆಡಿ’ ಎಂಬ ಯೋಜನೆಯೊಳಗೆ ಸೇರಿಸಿತು. ಆದರೆ ಹುಳು ಸಾಕುವ ಊರಿನಲ್ಲಿ ಇದು ನಡೆಯುವ ಬಗೆಯೇ ಬೇರೆ.

ಸಮಾಜಸೇವೆ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಕಾನ್ವೆಂಟ್ ಶಾಲೆಗಳ ಮಕ್ಕಳು ಅನಾಥಾಶ್ರಮಕ್ಕೆ, ವೃದ್ಧಾಶ್ರಮಕ್ಕೆ ಹೋಗಿಬರುತ್ತಾರೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ (ಎನ್ನೆಸ್ಸೆಸ್) ಶಿಬಿರಾರ್ಥಿಗಳು ಏಳು ದಿನ ಹಳ್ಳಿಯಲ್ಲಿದ್ದು ಚರಂಡಿ ತೆಗೆಯುತ್ತಾರೆ, ಗಿಡ ನೆಡುತ್ತಾರೆ. ಇವೆಲ್ಲ ಒಳ್ಳೆಯ ಕೆಲಸಗಳೇ. ಆದರೂ ಏಳು ದಿನದಲ್ಲಿ ಊರು ನಮ್ಮನ್ನು ಅತಿಥಿಯಾಗಿಯೇ ಕಾಣುತ್ತದೆ. ತಿಂಗಳು ಕಳೆದ ಮೇಲೆ ಅತಿಥಿಯ ಮರ್ಯಾದೆ ಮುಗಿದು ಪ್ರಶ್ನೆಗಳು ಶುರುವಾಗುತ್ತವೆ: ‘ನೀವು ಓದಿದವರು, ನಮ್ಮ ಹುಳು ಯಾಕೆ ಸಪ್ಪೆಯಾಗಿದೆ ಹೇಳಿ.’ ಕಲಿಕೆ ಅಲ್ಲಿಂದ ಆರಂಭವಾಗುತ್ತದೆ ಎಂದು ನಾನು ನಂಬಿದ್ದೇನೆ.

ಮೊದಲ ದಿನಗಳ ಕೆಲಸ ಊರಿನ ನಕ್ಷೆ ಬರೆಯುವುದು. ದೇವಸ್ಥಾನದ ಮುಂದೆ ಅಥವಾ ಶಾಲೆಯ ಅಂಗಳದಲ್ಲಿ ರಂಗೋಲಿ ಪುಡಿ, ಬಣ್ಣ, ಸೊಪ್ಪು, ಕಲ್ಲು ಹರಡಿಕೊಂಡು ಕೆರೆ, ಕಾಲುವೆ, ಕೊಳವೆಬಾವಿ, ತೋಟ, ಓಣಿಗಳನ್ನು ನೆಲದ ಮೇಲೆ ಮೂಡಿಸುತ್ತಾರೆ. ಸುತ್ತ ನಿಂತ ಹಿರಿಯರು ತಿದ್ದುತ್ತಾರೆ: ಕೋಡಿ ಆ ಕಡೆಗಲ್ಲ, ಈ ಕಡೆಗೆ. ಯಾವ ಬಾವಿ ಯಾವಾಗ ಬತ್ತಿತು, ಯಾರ ಹೊಲಕ್ಕೆ ನೀರು ಮುಟ್ಟುವುದಿಲ್ಲ ಎಂಬುದೆಲ್ಲ ಆಗ ಹೊರಬೀಳುತ್ತದೆ. ಊರಿನವರೇ ತಮ್ಮ ಊರನ್ನು ಅಳೆಯುವ ಈ ಕ್ರಮ ಜಗತ್ತಿಗೆ ಪರಿಚಯವಾದದ್ದು ಬ್ರಿಟನ್ನಿನ ರಾಬರ್ಟ್ ಚೇಂಬರ್ಸ್ ಅವರ ಬರಹಗಳಿಂದ. ಭಾರತದಲ್ಲಿ ಇದನ್ನು ಮೊದಲು ಪ್ರಯೋಗಿಸಿದ ಸಂಸ್ಥೆಗಳಲ್ಲಿ ನಮ್ಮ ಬೆಂಗಳೂರಿನ ಮೈರಾಡ ಒಂದು. ಇಲ್ಲಿ ಪಾಠ ಹೇಳುವವರು ಅಕ್ಷರ ಬಾರದ ಅಜ್ಜ ಅಜ್ಜಿಯರು. ಅವರ ಮುಂದೆ ಪದವಿ ವಿದ್ಯಾರ್ಥಿ ಮೊಣಕಾಲೂರಿ ಕುಳಿತಿರುತ್ತಾನೆ, ಕುಳಿತಿರುತ್ತಾಳೆ.

ಆಮೇಲೆ ಹುಳುಮನೆ. ಹುಳು ಸಾಕಣೆ ರಜೆ ಕೊಡದ ಕೆಲಸ. ಚಾಕಿ ಕಟ್ಟುವಾಗ, ಅಂದರೆ ಮೊದಲ ಹಂತಗಳ ಸಾಕಣೆಯಲ್ಲಿ, ಎಳೆ ಹುಳುವಿಗೆ ಬೆಚ್ಚಗಿನ, ತೇವದ ಹವೆ ಬೇಕು. ಬೆಳೆದ ಹುಳುವಿಗೆ ಗಾಳಿಯಾಡಬೇಕು, ಶಾಖ ಸುಮಾರು 25 ಡಿಗ್ರಿಯ ಆಸುಪಾಸಿನಲ್ಲಿರಬೇಕು. ನಾಲ್ಕು ಜ್ವರ (ಪೊರೆ ಕಳಚುವ ಹೊತ್ತು) ದಾಟಿ ಐದನೇ ಹಂತಕ್ಕೆ ಬಂದ ಹುಳು, ತನ್ನ ಬಾಳಿನ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80 ಪಾಲಿಗಿಂತ ಹೆಚ್ಚನ್ನು ಆ ಕೆಲವೇ ದಿನಗಳಲ್ಲಿ ತಿಂದುಬಿಡುತ್ತದೆ. ಆಗ ಮನೆಮಂದಿಗೆಲ್ಲ ನಿದ್ದೆ ಇಲ್ಲ. ಹುಳು ಹಣ್ಣಾಗಿದೆ ಎಂದು ಗುರುತಿಸಲು ಪುಸ್ತಕದ ಚಿತ್ರ ಸಾಲದು. ಮೈ ತುಸು ಕುಗ್ಗಿ, ಬಣ್ಣ ತಿಳಿಯಾಗಿ, ಸೊಪ್ಪು ಬಿಟ್ಟು ತಲೆಯೆತ್ತಿ ಆಡಿಸುವ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ, ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು. ತಡವಾದರೆ ನೂಲು ಸೊಪ್ಪಿನ ಮೇಲೆ ಹಾಳಾಗುತ್ತದೆ. ರೈತ ಮಹಿಳೆ ಮಾತಾಡುತ್ತಲೇ ಮಾಡುವ ಈ ಕೆಲಸ ವಿದ್ಯಾರ್ಥಿಯ ಬೆರಳಿಗೆ ಹತ್ತಲು ದಿನಗಳೇ ಬೇಕು.

ವಿದ್ಯಾರ್ಥಿಗಳು ತರುವ ವಿದ್ಯೆಯೂ ಸಣ್ಣದಲ್ಲ. ಗಂಟುರೋಗ ಬರಿಗಣ್ಣಿಗೆ ಕಾಣುವ ಹೊತ್ತಿಗೆ ಬೆಳೆ ಕೈತಪ್ಪಿರುತ್ತದೆ. 1860ರ ದಶಕದಲ್ಲಿ ಫ್ರಾನ್ಸಿನ ರೇಷ್ಮೆ ಉದ್ಯಮವನ್ನು ನೆಲಕಚ್ಚಿಸಿದ್ದ ಆ ರೋಗವನ್ನು ತಡೆಯಲು, ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿ ರೋಗವಿಲ್ಲದ ಮೊಟ್ಟೆಯನ್ನಷ್ಟೇ ಉಳಿಸುವ ದಾರಿ ತೋರಿಸಿದವರು ಲೂಯಿ ಪಾಶ್ಚರ್. ಈಗಲೂ ಬಿತ್ತನೆ ಮೊಟ್ಟೆಯ ನಂಬಿಕೆ ನಿಂತಿರುವುದು ಅದರ ಮೇಲೆಯೇ. ಹುಳುಮನೆಯ ಸೋಂಕು ನಿವಾರಣೆ, ಸುಣ್ಣದ ಬಳಕೆ, 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಊಜಿ ನೊಣದ ಹತೋಟಿ, ಮಣ್ಣಿನ ಪರೀಕ್ಷೆ ಇವನ್ನೆಲ್ಲ ವಿದ್ಯಾರ್ಥಿಗಳು ಮಾಡಿ ತೋರಿಸುತ್ತಾರೆ. ಪಕ್ಕದ ಟೊಮೆಟೊ, ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಗಾಳಿಯಲ್ಲಿ ಹಾರಿ ಹಿಪ್ಪುನೇರಳೆ ಸೊಪ್ಪಿಗೆ ತಾಗಿದರೆ ಹುಳು ಸಾಯುತ್ತದೆ. ಈ ಭಾಗದಲ್ಲಿ ನೆರೆಹೊರೆಯವರ ಮನಸ್ತಾಪಕ್ಕೆ ಇದೂ ಒಂದು ಕಾರಣ. ಇಬ್ಬರನ್ನೂ ಒಂದೇ ಜಗುಲಿಯಲ್ಲಿ ಕೂರಿಸಿ ಮಾತಾಡಿಸಲು ಊರಿನ ಜಗಳಕ್ಕೆ ಸೇರದ ವಿದ್ಯಾರ್ಥಿಗಳಿಗಿಂತ ಯೋಗ್ಯರು ಯಾರು?

ಗೂಡು ಬಿಡಿಸಿದ ಮೇಲೆ ಶಿಡ್ಲಘಟ್ಟದ ಮಾರುಕಟ್ಟೆ ಕಾಣದಿದ್ದರೆ ಪಾಠ ಅರ್ಧಕ್ಕೆ ನಿಂತಂತೆ. ಗೂಡಿನಿಂದ ನೂಲು ತೆಗೆಸುವ ರೀಲರ್ ಗೂಡನ್ನು ಕೈಗೆತ್ತಿಕೊಂಡು ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಎಷ್ಟು ಕಿಲೋ ಗೂಡಿಗೆ ಒಂದು ಕಿಲೋ ನೂಲು ಬಂದೀತೆಂದು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ. ಆಮೇಲೆ ಹರಾಜು. ಹಳ್ಳಿಯ ರೈತರು, ಪೇಟೆಯ ಮುಸ್ಲಿಂ ರೀಲರ್‌ಗಳು, ನೂಲು ತೆಗೆಯುವ ಹೆಂಗಸರು ಒಬ್ಬರನ್ನೊಬ್ಬರು ಬಿಟ್ಟು ಬದುಕಲಾರದ ಕಸುಬು ಇದು. ಎಲ್ಲರನ್ನೂ ಒಳಗೊಳ್ಳುವುದೆಂದರೇನು ಎಂಬುದನ್ನು ಇಲ್ಲಿಯ ಬೆಳಗಿನ ವಹಿವಾಟು ಕಲಿಸುವಷ್ಟು ಚೆನ್ನಾಗಿ ಯಾವ ತರಗತಿಯೂ ಕಲಿಸಲಾರದು.

ಈ ಸೀಮೆಗೆ ರೇಷ್ಮೆಯ ವಿದ್ಯೆ ಕೈಯಿಂದ ಕೈಗೆ ಬಂದದ್ದೇ. ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ ಮೈಸೂರು ಸರ್ಕಾರ ಇಟಲಿಯ ತಜ್ಞ ವಾಷಿಂಗ್ಟನ್ ಮಾರಿ ಅವರನ್ನು ಕರೆಸಿತ್ತು. ಪರಿಣತರನ್ನು ರೈತರ ಬಳಿಗೆ ಕಳಿಸಬೇಕೆಂಬ ಆ ಯೋಚನೆಯ ಮುಂದುವರಿಕೆಯೇ ಕುರುಬೂರಿನ ಕೆಲಸ.

ಹೊಲದಿಂದ ಕಾಲೇಜಿಗೆ ಬರುವ ದಾರಿಯೂ ಇದೆ: ಕೃಷಿಕರ ಮಕ್ಕಳಿಗೆ ಇಂಥ ಕೃಷಿ ಪದವಿಗಳಲ್ಲಿ ಮೀಸಲು ಸೀಟುಗಳಿವೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಉಂಟು. ಬೀಜ, ಬೆಳೆ, ಉಪಕರಣಗಳನ್ನು ಗುರುತಿಸಿ ಹೇಳಬೇಕು. ಅಪ್ಪ ಅಮ್ಮನ ಜೊತೆ ಹೊಲದಲ್ಲಿ ದುಡಿದ ಮಗುವಿನ ಅನುಭವಕ್ಕೆ ಅಂಕ ಕೊಡುವ ಪರೀಕ್ಷೆ ನಮ್ಮಲ್ಲಿ ಇದೊಂದನ್ನು ಬಿಟ್ಟರೆ ಬಹಳ ಇಲ್ಲ. ಇದು ಉಳಿಯಬೇಕು.

ವಿದ್ಯಾರ್ಥಿಗಳ ಈ ಹಳ್ಳಿವಾಸದ ಒಂದು ಕೊರತೆ ಹೇಳಲೇಬೇಕು. ವಿದ್ಯಾರ್ಥಿಗಳು ಬರೆದ ನಕ್ಷೆ, ಬಾವಿಗಳ ಲೆಕ್ಕ, ಬೆಳೆಗಳ ವಿವರ ವರದಿಯಾಗಿ ಕಾಲೇಜಿಗೆ ಹೋಗುತ್ತವೆ. ಅವುಗಳ ಪ್ರತಿ ಗ್ರಾಮ ಪಂಚಾಯಿತಿಯಲ್ಲೂ, ಊರಿನ ಶಾಲೆಯಲ್ಲೂ ಇರಬೇಕು. ಮರುವರ್ಷ ಬರುವ ತಂಡ ಅಲ್ಲಿಂದ ಮುಂದುವರಿಸಬೇಕು. ನಿಮ್ಮ ಊರಿಗೆ ಇಂಥ ತಂಡ ಬಂದರೆ ಉಳಿಯಲು ಒಂದು ಕೋಣೆ ಕೊಡಿ, ನಿಮ್ಮ ಹುಳುಮನೆಗೆ ಕರೆಯಿರಿ, ಕಷ್ಟದ ಪ್ರಶ್ನೆಯನ್ನೇ ಕೇಳಿ. ಅವರು ಹೊರಡುವ ಮೊದಲು ವರದಿಯ ಒಂದು ಪ್ರತಿಯನ್ನು ಪಂಚಾಯಿತಿಗೆ ಕೇಳಿ ಪಡೆಯಿರಿ.